ಡಾರ್ವಿನ್‌ನಿಂದ ಬ್ರಿಸ್ಬೇನ್‌ವರೆಗೆ: ಆಸ್ಟ್ರೇಲಿಯಾದ ರಾಜಧಾನಿಗಳ ಬೆನ್ನು ಹತ್ತಿ

ಆಸ್ಟ್ರೇಲಿಯಾಕ್ಕೆ ಹೋದ ನಮ್ಮವರು ಸಾಮಾನ್ಯವಾಗಿ ಸಿಡ್ನಿ, ಮೆಲ್ಬರ್ನ್ ನೋಡಿ, ಕಾಂಗರೂ ಜೊತೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ನನಗೂ ಅಕ್ಕನಿಗೂ ಬೇರೆ ಆಸೆ ಇತ್ತು. ಅಲ್ಲಿನ ರಾಜ್ಯಗಳ ರಾಜಧಾನಿಗಳನ್ನು ಸಾಲಾಗಿ ನೋಡಬೇಕು, ಬಿಟ್ಟ ಕಡೆ ಶಾಸನಸಭೆಯ ಒಳಗೂ ಹೋಗಬೇಕು ಅಂತ. ಅಕ್ಕ ಹಾಸನದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಿ ಆದವಳು. ಒಕ್ಕೂಟ ವ್ಯವಸ್ಥೆ ಅಂದರೇನು ಅಂತ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವಳಿಗೆ ಅದನ್ನು ಊರೂರು ನಡೆದು ನೋಡುವ ಹಂಬಲ.

ಆರು ರಾಜ್ಯ, ಎರಡು ದೊಡ್ಡ ಟೆರಿಟರಿ (ನಮ್ಮ ಕೇಂದ್ರಾಡಳಿತ ಪ್ರದೇಶದ ತರಹದ್ದು), ಒಟ್ಟು ಎಂಟು ರಾಜಧಾನಿ. ಎಂಟನ್ನೂ ನೋಡುವಷ್ಟು ರಜೆಯೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಪಶ್ಚಿಮದ ತುದಿಯಲ್ಲಿರುವ ಪರ್ತ್, ದಕ್ಷಿಣದ ದ್ವೀಪದಲ್ಲಿರುವ ಹೋಬಾರ್ಟ್ ಎರಡನ್ನೂ ಮುಂದಿನ ಸಲಕ್ಕೆ ಇಟ್ಟುಕೊಂಡೆವು. ಆಗಸ್ಟ್ ತಿಂಗಳು. ಅಲ್ಲಿ ಅದು ಚಳಿಗಾಲ. ಆದರೆ ನಾವು ಮೊದಲು ಇಳಿದ ಊರಿನಲ್ಲಿ ಸ್ವೆಟರ್ ಹೊರಗೆ ತೆಗೆಯಲೇ ಇಲ್ಲ.

ಗುರುವಾರ, ಡಾರ್ವಿನ್

ಬೆಂಗಳೂರಿಂದ ಸಿಂಗಪುರ, ಅಲ್ಲಿಂದ ಡಾರ್ವಿನ್. ನಾರ್ದರ್ನ್ ಟೆರಿಟರಿಯ ರಾಜಧಾನಿ. ನಕ್ಷೆ ತೆಗೆದು ನೋಡಿ, ಡಾರ್ವಿನ್‌ಗೆ ತನ್ನದೇ ದೇಶದ ರಾಜಧಾನಿ ಕ್ಯಾನ್‌ಬೆರಾ 3000 ಕಿಲೋಮೀಟರಿಗಿಂತ ದೂರ. ಸಮುದ್ರದಾಚೆಯ ಪೂರ್ವ ತಿಮೋರ್‌ನ ರಾಜಧಾನಿ ಸುಮಾರು 700 ಕಿಲೋಮೀಟರ್ ಅಷ್ಟೆ. ಊರಿನ ಗಾಳಿಯಲ್ಲೂ ಅದು ಗೊತ್ತಾಗುತ್ತದೆ. ತೆಂಗು, ಮಾವು, ಬೋಗನ್‌ವಿಲ್ಲಾ, ಮೂವತ್ತರ ಮೇಲಿನ ಬಿಸಿಲು. ಅಕ್ಕ ಟ್ಯಾಕ್ಸಿಯಲ್ಲಿ ಕೂತು "ಮಂಗಳೂರಿಗೇ ಬಂದ ಹಾಗಿದೆ ಕಣೇ" ಅಂದಳು. ನನಗೂ ಹಾಗೇ ಅನಿಸಿತು.

ಒಣಹವೆಯ ತಿಂಗಳುಗಳಲ್ಲಿ ಗುರುವಾರ ಮತ್ತು ಭಾನುವಾರ ಸಂಜೆ ಮಿಂಡಿಲ್ ಬೀಚಿನಲ್ಲಿ ಸಂತೆ ಸೇರುತ್ತದೆ. ಥಾಯ್, ಇಂಡೋನೇಷ್ಯಾ, ಶ್ರೀಲಂಕಾ, ಗ್ರೀಸ್, ಎಲ್ಲಾ ಕಡೆಯ ಅಡುಗೆ. ಜನ ತಟ್ಟೆ ಹಿಡಿದು ಮರಳಿನ ಮೇಲೆ ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದರು. ಸೂರ್ಯ ಮುಳುಗಿದ ಕೂಡಲೇ ಚಪ್ಪಾಳೆ! ನಾವೂ ತಟ್ಟಿದೆವು. ಅಷ್ಟು ಜನ ಇದ್ದರೂ ನೀರಿಗೆ ಇಳಿದವರು ಒಬ್ಬರೂ ಕಾಣಲಿಲ್ಲ. ಅಲ್ಲಿನ ಸಮುದ್ರದಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಎಚ್ಚರಿಕೆಯ ಬೋರ್ಡುಗಳೂ ಇವೆ. ಹೋಗುವವರು ಆ ಬೋರ್ಡನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ.

ಶುಕ್ರವಾರ, ಡಾರ್ವಿನ್

ಬೆಳಗ್ಗೆ ಪಾರ್ಲಿಮೆಂಟ್ ಹೌಸ್, ಅಂದರೆ ಟೆರಿಟರಿಯ ಶಾಸನಸಭೆ. 1994ರಲ್ಲಿ ತೆರೆದ ಬಿಳಿ ಚೌಕದ ಕಟ್ಟಡ, ಸುತ್ತ ಅಗಲವಾದ ಜಗಲಿ, ಬಿಸಿಲು ನೇರವಾಗಿ ಒಳಗೆ ಬರದ ಹಾಗೆ ಕಟ್ಟಿದ್ದಾರೆ. ಅದು ನಿಂತಿರುವ ಜಾಗದಲ್ಲಿ ಮೊದಲು ಪೋಸ್ಟ್ ಆಫೀಸ್ ಇತ್ತು. 1942ರ ಫೆಬ್ರವರಿ 19ರಂದು ಜಪಾನಿನ ವಿಮಾನಗಳು ಊರಿನ ಮೇಲೆ ಬಾಂಬು ಹಾಕಿದಾಗ ಅಂಚೆ ಸಿಬ್ಬಂದಿ ಅಲ್ಲೇ ಸತ್ತರು. ಪರ್ಲ್ ಹಾರ್ಬರ್ ಮೇಲೆ ಬಿದ್ದ ನೌಕಾಪಡೆಯೇ ಎರಡೂವರೆ ತಿಂಗಳ ನಂತರ ಇಲ್ಲಿಗೂ ಬಂದಿತ್ತು. ಆ ದಿನ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆಮೇಲೆ 1974ರ ಕ್ರಿಸ್‌ಮಸ್ ರಾತ್ರಿ ಟ್ರೇಸಿ ಚಂಡಮಾರುತ. 66 ಜನ ಸತ್ತರು, ಹೆಚ್ಚಿನ ಮನೆಗಳು ನೆಲಸಮ ಆದವು, ಊರಿನ ಅರ್ಧಕ್ಕಿಂತ ಜಾಸ್ತಿ ಜನರನ್ನು ವಿಮಾನದಲ್ಲಿ ಬೇರೆ ಊರುಗಳಿಗೆ ಸಾಗಿಸಬೇಕಾಯಿತು. ಹಾಗಾಗಿ ಡಾರ್ವಿನ್‌ನಲ್ಲಿ ಹಳೇ ಕಟ್ಟಡ ಹುಡುಕಿದರೆ ಸಿಗುವುದು ಕಡಿಮೆ. ಎರಡು ಸಲ ನೆಲಕ್ಕೆ ಬಿದ್ದು ಎದ್ದ ಊರು ಅದು.

ಅಕ್ಕನಿಗೆ ಇದೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿತ್ತು. ರಾಜ್ಯಕ್ಕೂ ಟೆರಿಟರಿಗೂ ವ್ಯತ್ಯಾಸ ಏನು? ಇಲ್ಲೂ ಸಭೆ ಇದೆ, ಮುಖ್ಯಮಂತ್ರಿ ಇದ್ದಾರೆ, 1978ರಿಂದ ಸ್ವಯಂ ಆಡಳಿತವೂ ಇದೆ. ಉತ್ತರಕ್ಕೆ ಒಂದು ಉದಾಹರಣೆ ಸಾಕು. 1995ರಲ್ಲಿ ಈ ಸಭೆ, ವಾಸಿಯಾಗದ ಕಾಯಿಲೆಯವರು ವೈದ್ಯರ ನೆರವಿನಿಂದ ಸಾಯುವುದಕ್ಕೆ ಅವಕಾಶ ಕೊಡುವ ಕಾನೂನು ಮಾಡಿತು. 1997ರಲ್ಲಿ ಕ್ಯಾನ್‌ಬೆರಾದ ಸಂಸತ್ತು ಅದನ್ನು ರದ್ದು ಮಾಡಿ, ಟೆರಿಟರಿಗಳು ಅಂಥ ಕಾನೂನೇ ಮಾಡದ ಹಾಗೆ ಕಟ್ಟು ಹಾಕಿತು. ಆ ಕಟ್ಟು ಬಿಚ್ಚಿದ್ದು 2022ರಲ್ಲಿ. ಇದನ್ನೇ ಒಂದು ರಾಜ್ಯ ಮಾಡಿದ್ದರೆ ಅಷ್ಟು ಸುಲಭವಾಗಿ ಕೈ ಹಾಕಲು ಆಗುತ್ತಿರಲಿಲ್ಲ. ದೇಶದ ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ 12 ಸೀಟು, ಟೆರಿಟರಿಗೆ ಎರಡೇ. ಆದರೂ 1998ರಲ್ಲಿ "ನಾವು ರಾಜ್ಯ ಆಗೋಣವಾ" ಅಂತ ಜನರನ್ನು ಕೇಳಿದಾಗ ಸ್ವಲ್ಪದರಲ್ಲೇ "ಬೇಡ" ಗೆದ್ದಿತು. ನಮ್ಮ ಕಡೆ ದೆಹಲಿ, ಪುದುಚೇರಿ ಪೂರ್ಣ ರಾಜ್ಯದ ಸ್ಥಾನ ಕೇಳುತ್ತಲೇ ಇರುವುದನ್ನು ನೋಡಿದ ನಮಗೆ ಇದು ಆಶ್ಚರ್ಯ.

ಶನಿವಾರ, ಅಡಿಲೇಡ್

ಡಾರ್ವಿನ್‌ನಿಂದ ಅಡಿಲೇಡ್‌ಗೆ ರಸ್ತೆಯಲ್ಲಿ ಹೋದರೆ ಸುಮಾರು 3000 ಕಿಲೋಮೀಟರ್. ವಿಮಾನದಲ್ಲಿ ಕಿಟಕಿ ಪಕ್ಕ ಕೂತು ಮೂರು ಗಂಟೆಗೂ ಜಾಸ್ತಿ ಬರೀ ಕೆಂಪು ನೆಲ ನೋಡಿದೆ. ಊರು ಅಂತ ಒಂದೂ ಕಾಣಲಿಲ್ಲ. ಈ ದೇಶದ ರಾಜಧಾನಿಗಳೆಲ್ಲ ಯಾಕೆ ಅಂಚಿನಲ್ಲೇ ಇವೆ ಅನ್ನುವುದು ಆ ಕಿಟಕಿಯಲ್ಲಿ ಅರ್ಥ ಆಗುತ್ತದೆ.

ಆಗಸ್ಟ್‌ನಲ್ಲಿ ಎರಡೂ ಊರಿನ ಗಡಿಯಾರ ಒಂದೇ. ನಮ್ಮ ಹಾಗೇ ಅರ್ಧ ಗಂಟೆಯ ಲೆಕ್ಕ, ಭಾರತಕ್ಕಿಂತ ಸರಿಯಾಗಿ ನಾಲ್ಕು ಗಂಟೆ ಮುಂದೆ. ಮನೆಗೆ ಫೋನ್ ಮಾಡಲು ಲೆಕ್ಕ ಸುಲಭ. ಅದಕ್ಕೆ ಕಾರಣವೂ ಹಳೆಯದು, 1911ರವರೆಗೆ ಡಾರ್ವಿನ್ ಕಡೆಯ ಆ ಇಡೀ ನೆಲ, ಅಡಿಲೇಡ್ ರಾಜಧಾನಿಯಾಗಿರುವ ಸೌತ್ ಆಸ್ಟ್ರೇಲಿಯಾದ ಕೈಯಲ್ಲೇ ಇತ್ತು.

ಮಧ್ಯಾಹ್ನ ಸೆಂಟ್ರಲ್ ಮಾರ್ಕೆಟ್ ಮುಚ್ಚುವ ಮೊದಲು ಓಡಿದೆವು. 1869ರಿಂದ ನಡೆಯುತ್ತಿರುವ ಮಾರುಕಟ್ಟೆ. ಚೀಸ್, ಆಲಿವ್, ಬ್ರೆಡ್, ಕಿತ್ತಳೆ. ಜೊತೆಗೆ ಹಸಿಮೆಣಸು, ಕೊತ್ತಂಬರಿ ಸೊಪ್ಪು ಕೂಡ. ಅಲ್ಲೇ ಊಟ ಮುಗಿಸಿ ಕತ್ತಲಾಗುವವರೆಗೆ ಸುಮ್ನೆ ನಡೆದೆವು.

ಭಾನುವಾರ, ಅಡಿಲೇಡ್

ಈ ಊರು ಇಷ್ಟು ಇಷ್ಟ ಆಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಕರ್ನಲ್ ವಿಲಿಯಂ ಲೈಟ್ ಅನ್ನುವವರು 1836-37ರಲ್ಲಿ ನೆಲ ಅಳೆದು ಹಾಕಿದ ಊರು. ಇವರ ಅಪ್ಪ ಫ್ರಾನ್ಸಿಸ್ ಲೈಟ್, ಮಲೇಷ್ಯಾದ ಪೆನಾಂಗ್‌ನಲ್ಲಿ ಬ್ರಿಟಿಷ್ ವಸಾಹತು ಶುರು ಮಾಡಿದವರು. ಮಗ ಹುಟ್ಟಿದ್ದೂ ಮಲಯ ನಾಡಿನಲ್ಲೇ. ನೇರ ರಸ್ತೆಗಳು, ಮಧ್ಯೆ ಮಧ್ಯೆ ಚೌಕ, ಊರಿನ ಸುತ್ತ ಪೂರ್ತಿ ಪಾರ್ಕ್. ಯಾವ ದಿಕ್ಕಿಗೆ ನಡೆದರೂ ಹಸಿರು ದಾಟಿಯೇ ಊರಿನ ಹೊರಗೆ ಹೋಗಬೇಕು. ಮಾಂಟಿಫಿಯೊರಿ ಗುಡ್ಡದ ಮೇಲೆ ಅವರ ಪ್ರತಿಮೆ ಇದೆ, ತಾನು ಹಾಕಿದ ಊರಿನ ಕಡೆ ಬೆರಳು ತೋರಿಸುತ್ತಾ ನಿಂತಿದ್ದಾರೆ. ಅಲ್ಲಿಂದ ನೋಡಿದರೆ ನಕ್ಷೆ ಪೂರ್ತಿ ಕಣ್ಣಿಗೆ ಸಿಗುತ್ತದೆ. ಈ ನೆಲ ಅದಕ್ಕೂ ಮೊದಲು ಕೌರ್ನಾ ಜನರದ್ದು. ಊರ ನಡುವಿನ ವಿಕ್ಟೋರಿಯಾ ಚೌಕಕ್ಕೆ ಈಗ ಅವರ ಭಾಷೆಯ ಹೆಸರೂ ಇದೆ, ತಾರ್ನ್‌ಡನ್ಯಾಂಗ.

ನಾರ್ತ್ ಟೆರೇಸ್ ರಸ್ತೆಯಲ್ಲಿ ಅಮೃತಶಿಲೆಯ ಕಂಬಗಳ ಪಾರ್ಲಿಮೆಂಟ್ ಹೌಸ್. ಭಾನುವಾರ, ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ಕೂತು ಅಕ್ಕ ನನಗೆ 1894ರ ಕಥೆ ಹೇಳಿದಳು. ಹೆಂಗಸರಿಗೆ ಮತ ಹಾಕುವ ಹಕ್ಕು ಕೊಡುವ ಮಸೂದೆ ಇಲ್ಲಿನ ಸಭೆಗೆ ಬಂತು. ಅದಕ್ಕೆ ಬೆಂಬಲವಾಗಿ ಸುಮಾರು 11,600 ಸಹಿಗಳ ಅರ್ಜಿ, ಅಂಟಿಸಿ ಉದ್ದ ಮಾಡಿದರೆ 120 ಮೀಟರಿಗೂ ಹೆಚ್ಚು. ವಿರೋಧಿಗಳು ಮಸೂದೆ ಬೀಳಲಿ ಅಂತ "ಹಾಗಾದರೆ ಚುನಾವಣೆಗೆ ನಿಲ್ಲುವ ಹಕ್ಕೂ ಕೊಡಿ" ಅಂತ ತಿದ್ದುಪಡಿ ತಂದರು. ಇಷ್ಟಕ್ಕೆ ಯಾರೂ ಒಪ್ಪುವುದಿಲ್ಲ ಅನ್ನುವ ಲೆಕ್ಕ. ಮಸೂದೆ ಪಾಸಾಗಿಬಿಟ್ಟಿತು! ಎರಡೂ ಹಕ್ಕು ಒಟ್ಟಿಗೆ ಕೊಟ್ಟದ್ದು ಜಗತ್ತಿನಲ್ಲೇ ಮೊದಲು. ಗಮನಿಸಿ, ಆಗ ಆಸ್ಟ್ರೇಲಿಯಾ ಅನ್ನುವ ಒಂದು ದೇಶವೇ ಇರಲಿಲ್ಲ. ಒಕ್ಕೂಟ ಆಗಿದ್ದು 1901ರ ಜನವರಿ 1ಕ್ಕೆ. ಅಂದರೆ ಇಲ್ಲಿ ರಾಜ್ಯ ಮೊದಲು, ದೇಶ ಆಮೇಲೆ. ನಮ್ಮಲ್ಲಿ ದೇಶ ಗಣರಾಜ್ಯ ಆದ ಮೇಲೆ 1956ರಲ್ಲಿ ಭಾಷೆ ನೋಡಿ ರಾಜ್ಯಗಳ ಗೆರೆ ಎಳೆದರು, ಮೈಸೂರು ರಾಜ್ಯ ವಿಶಾಲ ಆಗಿದ್ದು ಆಗಲೇ ಅಲ್ವಾ. ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿ ಕೂತ ಮೇಲೆ ಮುಂದಿನ ಊರುಗಳನ್ನು ನೋಡುವ ಕಣ್ಣೇ ಬದಲಾಯಿತು.

ಸೋಮವಾರ, ಮಂಗಳವಾರ, ಮೆಲ್ಬರ್ನ್

ಇಲ್ಲಿ ಚಿಕ್ಕಮ್ಮನ ಮಗ ಇದ್ದಾನೆ, ಪಶ್ಚಿಮದ ಟಾರ್ನೀಟ್ ಕಡೆ ಮನೆ. ಸೋಮವಾರ ಪೂರ್ತಿ ಅವನ ಮನೆಯಲ್ಲೇ ಹೋಯಿತು. ಉಪ್ಸಾರು, ಮುದ್ದೆ, ಮಾತು. "ಅಕ್ಕಾ, ನೀವು ಬೀಚು, ಪೆಂಗ್ವಿನ್ ಎಲ್ಲಾ ಬಿಟ್ಟು ಅಸೆಂಬ್ಲಿ ನೋಡೋಕೆ ಬಂದಿದೀರಾ?" ಅಂದ. ಮಾರನೇ ದಿನ ತಾನೇ ರಜೆ ಹಾಕಿ ನಮ್ಮ ಜೊತೆ ಬಂದ.

ಊರ ಮಧ್ಯದಲ್ಲಿ ಟ್ರಾಮ್ ಫ್ರೀ. ನೇರ ಸ್ಪ್ರಿಂಗ್ ಸ್ಟ್ರೀಟಿಗೆ ಹೋದೆವು. ವಿಕ್ಟೋರಿಯಾ ರಾಜ್ಯದ ಪಾರ್ಲಿಮೆಂಟ್ ಹೌಸ್ 1856ರಲ್ಲಿ ಶುರು ಆಗಿದ್ದು. 1851ರಲ್ಲಿ ಈ ಸೀಮೆಯಲ್ಲಿ ಚಿನ್ನ ಸಿಕ್ಕಿತ್ತು, ಆ ಶ್ರೀಮಂತಿಕೆ ಕಂಬ ಕಂಬದಲ್ಲೂ ಕಾಣುತ್ತದೆ. ನಕ್ಷೆಯಲ್ಲಿ ದೊಡ್ಡ ಗುಮ್ಮಟವೂ ಇತ್ತು, ಅದನ್ನು ಇವತ್ತಿಗೂ ಕಟ್ಟಿಲ್ಲ. ಒಕ್ಕೂಟ ಆದಾಗ ಹೊಸ ದೇಶಕ್ಕೆ ಕೂರಲು ಜಾಗ ಇರಲಿಲ್ಲ. ದೇಶದ ಮೊದಲ ಸಂಸತ್ತು 1901ರ ಮೇ 9ರಂದು ಇಲ್ಲಿನ ರಾಯಲ್ ಎಕ್ಸಿಬಿಷನ್ ಬಿಲ್ಡಿಂಗ್‌ನಲ್ಲಿ ಉದ್ಘಾಟನೆ ಆಯಿತು. ಆಮೇಲೆ ವಿಕ್ಟೋರಿಯಾದವರು ತಮ್ಮ ಈ ಕಟ್ಟಡವನ್ನೇ ದೇಶಕ್ಕೆ ಬಿಟ್ಟುಕೊಟ್ಟು, ತಾವು ಎಕ್ಸಿಬಿಷನ್ ಬಿಲ್ಡಿಂಗ್‌ನ ಒಂದು ಪಕ್ಕಕ್ಕೆ ಹೋಗಿ ಕೂತರು. ಒಂದೆರಡು ವರ್ಷ ಅಲ್ಲ, 1927ರವರೆಗೆ! ಎರಡೂ ಕಟ್ಟಡಗಳ ಮಧ್ಯೆ ಹತ್ತು ನಿಮಿಷದ ನಡಿಗೆ. ಎಕ್ಸಿಬಿಷನ್ ಬಿಲ್ಡಿಂಗ್ 1880ರದ್ದು, 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಮೆಲ್ಬರ್ನ್‌ಗೆ ಹೋದವರು ಇದನ್ನು ಬಿಡಬೇಡಿ.

ಬುಧವಾರ, ದಾರಿಯಲ್ಲಿ

ಕ್ಯಾನ್‌ಬೆರಾಗೆ ಬಸ್ಸಿನಲ್ಲಿ ಹೋದೆವು, ಹೆಚ್ಚು ಕಡಿಮೆ ಒಂದಿಡೀ ಹಗಲು. ವಿಮಾನ ಬಿಟ್ಟು ಬಸ್ಸು ಹಿಡಿದದ್ದಕ್ಕೆ ಕಾರಣ ಮರ್ರೆ ನದಿ. ವಿಕ್ಟೋರಿಯಾಕ್ಕೂ ನ್ಯೂ ಸೌತ್ ವೇಲ್ಸ್‌ಗೂ ಅದೇ ಗಡಿ. ಈ ಕಡೆ ವಡೋಂಗಾ, ಆ ಕಡೆ ಆಲ್ಬರಿ. ಒಕ್ಕೂಟಕ್ಕೆ ಮೊದಲು ಈ ನದಿ ದಾಟುವ ಸರಕಿಗೆ ಸುಂಕ ಕಟ್ಟಬೇಕಿತ್ತು, ಬೇರೆ ದೇಶಕ್ಕೆ ಹೋದ ಹಾಗೆ. ರೈಲಿನ ಹಳಿಯೂ ಬೇರೆ ಬೇರೆ. ವಿಕ್ಟೋರಿಯಾದ್ದು 1600 ಮಿಲಿಮೀಟರ್ ಅಗಲ, ನ್ಯೂ ಸೌತ್ ವೇಲ್ಸ್‌ನದ್ದು 1435. ಮೆಲ್ಬರ್ನ್‌ನಿಂದ ಸಿಡ್ನಿಗೆ ಹೋಗುವವರು ಆಲ್ಬರಿಯಲ್ಲಿ ಗಂಟುಮೂಟೆ ಇಳಿಸಿ ಇನ್ನೊಂದು ರೈಲು ಹತ್ತಬೇಕಿತ್ತು, ಅದೂ 1962ರವರೆಗೆ. ಒಕ್ಕೂಟ ಆಗಿ ಅರವತ್ತು ವರ್ಷ ಕಳೆದರೂ! ಅರಸೀಕೆರೆಯಲ್ಲಿ ಮೀಟರ್ ಗೇಜ್ ಕಾಲ ನೋಡಿದ ಅಕ್ಕನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಗುರುವಾರ, ಕ್ಯಾನ್‌ಬೆರಾ

ಬೆಳಗ್ಗೆ ಹುಲ್ಲಿನ ಮೇಲೆ ಬಿಳಿ ಮಂಜುಗಡ್ಡೆಯ ಪುಡಿ. ಸೊನ್ನೆಗಿಂತ ಕೆಳಗೆ. ಇದ್ದ ಸ್ವೆಟರೆಲ್ಲ ಮೈಮೇಲೆ ಬಂತು.

ಕ್ಯಾನ್‌ಬೆರಾ ಯಾಕೆ ಹುಟ್ಟಿತು ಅನ್ನುವುದು ಸಂವಿಧಾನದಲ್ಲೇ ಇದೆ, 125ನೇ ವಿಧಿ. ಸಿಡ್ನಿಗೂ ಮೆಲ್ಬರ್ನ್‌ಗೂ ಪೈಪೋಟಿ, ಯಾರೂ ಬಿಟ್ಟುಕೊಡಲಿಲ್ಲ. ಕೊನೆಗೆ ರಾಜಧಾನಿ ನ್ಯೂ ಸೌತ್ ವೇಲ್ಸ್‌ನಲ್ಲೇ ಇರಲಿ, ಆದರೆ ಸಿಡ್ನಿಯಿಂದ ನೂರು ಮೈಲಿಗಿಂತ ಹತ್ತಿರ ಇರಬಾರದು, ಅಲ್ಲಿಯವರೆಗೆ ಸಂಸತ್ತು ಮೆಲ್ಬರ್ನ್‌ನಲ್ಲಿ ಕೂರಲಿ ಅಂತ ಬರೆದರು. 1908ರಲ್ಲಿ ಜಾಗ ಆರಿಸಿದರು, 1911ರ ಜನವರಿ 1ಕ್ಕೆ ಅದು ಬೇರೆ ಟೆರಿಟರಿ ಆಯಿತು, 1913ರಲ್ಲಿ ಊರಿಗೆ ಹೆಸರಿಟ್ಟರು. ಊರಿನ ನಕ್ಷೆಗೆ ಅಂತರರಾಷ್ಟ್ರೀಯ ಸ್ಪರ್ಧೆ ನಡೆದು 1912ರಲ್ಲಿ ಗೆದ್ದವರು ಶಿಕಾಗೋದ ವಾಲ್ಟರ್ ಬರ್ಲಿ ಗ್ರಿಫಿನ್. ಆ ನಕ್ಷೆಯ ಚಂದದ ಚಿತ್ರಗಳನ್ನೆಲ್ಲ ಬಿಡಿಸಿದವರು ಅವರ ಹೆಂಡತಿ ಮೇರಿಯನ್ ಮಹೋನಿ ಗ್ರಿಫಿನ್, ಅವರೂ ವಾಸ್ತುಶಿಲ್ಪಿ. ಊರಿನ ಕೆರೆಗೆ ಗಂಡನ ಹೆಸರಿದೆ. ಆ ಚಿತ್ರಗಳನ್ನು ನೋಡಿದ ಮೇಲೆ ಈ ಊರಿನ ಮಾತು ಬಂದಾಗಲೆಲ್ಲ ಇಬ್ಬರ ಹೆಸರನ್ನೂ ಒಟ್ಟಿಗೇ ಹೇಳಬೇಕು ಅಂತ ನನಗೆ ಅನಿಸುತ್ತದೆ.

ಮೌಂಟ್ ಏನ್ಸ್‌ಲಿ ಗುಡ್ಡ ಹತ್ತಿ ನಿಂತರೆ ಅವರ ಯೋಚನೆ ಕಣ್ಣಿಗೆ ಕಾಣುತ್ತದೆ. ಕಾಲ ಕೆಳಗೆ ಯುದ್ಧ ಸ್ಮಾರಕ, ನೇರ ರಸ್ತೆ, ಕೆರೆ, ಆಚೆ ದಡದಲ್ಲಿ ಹಳೇ ಪಾರ್ಲಿಮೆಂಟ್, ಅದರ ಹಿಂದೆ ಹೊಸದು, ಎಲ್ಲಾ ಒಂದೇ ಗೆರೆಯಲ್ಲಿ. ಆದರೆ ಅಧಿಕಾರಿಗಳ ಜೊತೆ ಜಗಳ ಆಗಿ ಗ್ರಿಫಿನ್ 1920ರಲ್ಲೇ ಈ ಕೆಲಸ ಬಿಟ್ಟರು. ಕೆರೆಗೆ ನೀರು ತುಂಬಿದ್ದು 1964ರಲ್ಲಿ. ಅವರು ಅದನ್ನು ನೋಡಲೇ ಇಲ್ಲ. 1935ರಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದ ಕೆಲಸಕ್ಕೆ ಅಂತ ನಮ್ಮ ಲಖನೌಗೆ ಬಂದವರು, 1937ರಲ್ಲಿ ಅಲ್ಲೇ ತೀರಿಕೊಂಡರು. ಸಮಾಧಿಯೂ ಅಲ್ಲೇ ಇದೆ, 1988ರವರೆಗೆ ಅದಕ್ಕೊಂದು ಹೆಸರಿನ ಕಲ್ಲೂ ಇರಲಿಲ್ಲ. ಒಂದು ದೇಶದ ರಾಜಧಾನಿಯ ನಕ್ಷೆ ಹಾಕಿದವರು ನಮ್ಮ ಮಣ್ಣಿನಲ್ಲಿ ಮಲಗಿದ್ದಾರೆ ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಲಖನೌಗೆ ಹೋದವರು ಇಮಾಂಬಾಡಾ ನೋಡಿದ ಮೇಲೆ ಅಲ್ಲಿಗೂ ಹೋಗಿ ಬನ್ನಿ.

ಶುಕ್ರವಾರ, ಕ್ಯಾನ್‌ಬೆರಾ

ಹೊಸ ಪಾರ್ಲಿಮೆಂಟ್ ಹೌಸ್ ತೆರೆದದ್ದು 1988ರ ಮೇ 9ಕ್ಕೆ. ಗುಡ್ಡದ ತಲೆ ಅಗೆದು, ಒಳಗೆ ಕಟ್ಟಿ, ಮೇಲೆ ಹುಲ್ಲು ಹೊದಿಸಿದ್ದಾರೆ. ಜನ ತಮ್ಮ ಪ್ರತಿನಿಧಿಗಳ ತಲೆ ಮೇಲೆ ನಡೆದಾಡಲಿ ಅನ್ನುವ ಯೋಚನೆ. ಈಗ ಭದ್ರತೆಗೆ ಅಂತ ಬೇಲಿ ಬಂದಿದೆ, ಇಳಿಜಾರಿನ ಹುಲ್ಲಿನಲ್ಲಿ ಮೊದಲಿನ ಹಾಗೆ ಹತ್ತಿ ಇಳಿಯಲು ಆಗುವುದಿಲ್ಲ. ಲಿಫ್ಟಿನಲ್ಲಿ ಮೇಲೆ ಹೋಗಬಹುದು, 81 ಮೀಟರಿನ ಧ್ವಜಕಂಬದ ಬುಡಕ್ಕೆ. ಒಳಗೆ ಹೋಗಲು ದುಡ್ಡಿಲ್ಲ, ಬ್ಯಾಗು ತಪಾಸಣೆ ಮಾಡಿ ಬಿಡುತ್ತಾರೆ. ಕೆಳಮನೆಗೆ ನೀಲಗಿರಿ ಎಲೆಯ ಮಾಸಲು ಹಸಿರು, ಸೆನೆಟ್‌ಗೆ ಕೆಮ್ಮಣ್ಣಿನ ಬಣ್ಣ. ವಿಧಾನಸೌಧವನ್ನು ಹೊರಗಿನ ರಸ್ತೆಯಿಂದ ನೋಡಿಯೇ ಬೆಳೆದ ನಮಗೆ ಗ್ಯಾಲರಿಯಲ್ಲಿ ಕೂತಾಗ ಏನೋ ಸಂತೋಷ. ಅಕ್ಕ ಬಹಳ ಹೊತ್ತು ಏಳಲೇ ಇಲ್ಲ.

ಹೊರಗೆ ಹಳೇ ಪಾರ್ಲಿಮೆಂಟ್‌ನ ಎದುರು ಹುಲ್ಲಿನಲ್ಲಿ ಡೇರೆಗಳಿವೆ. 1972ರ ಜನವರಿ 26ರಂದು ಮೂಲನಿವಾಸಿ ಯುವಕರು ಅಲ್ಲಿ ಬಂದು ಕೂತು ತಮ್ಮ ನೆಲದ ಹಕ್ಕು ಕೇಳಿದರು, ತಾವು ಕೂತ ಜಾಗಕ್ಕೆ ಟೆಂಟ್ ಎಂಬಸಿ ಅಂತ ಹೆಸರಿಟ್ಟರು. ತಮ್ಮದೇ ನೆಲದಲ್ಲಿ ಪರದೇಶಿಗಳ ಹಾಗೆ ಇದ್ದೇವೆ ಅನ್ನುವ ಅರ್ಥದಲ್ಲಿ. ಪೊಲೀಸರು ಕಿತ್ತು ಹಾಕಿದರೂ ಮತ್ತೆ ಬಂದರು. ಅಲ್ಲಿ ಬೆಂಕಿ ಉರಿಯುತ್ತಿತ್ತು, ಒಬ್ಬ ಹಿರಿಯರು ಕರೆದು ಕೂರಿಸಿದರು. ರಾಜ್ಯಗಳು ಸೇರಿ ದೇಶ ಮಾಡಿಕೊಳ್ಳುವಾಗ ಇವರನ್ನು ಯಾರೂ ಕೇಳಲಿಲ್ಲ. ಅಷ್ಟು ದೊಡ್ಡ ದೊಡ್ಡ ಕಟ್ಟಡ ನೋಡಿ ಬಂದವರಿಗೆ ಈ ಡೇರೆ ನೋಡದೆ ಈ ದೇಶ ಅರ್ಧವೂ ಅರ್ಥ ಆಗುವುದಿಲ್ಲ.

ಇನ್ನೊಂದು ಮಾತು. ಕ್ಯಾನ್‌ಬೆರಾ ದೇಶದ ರಾಜಧಾನಿಯಷ್ಟೇ ಅಲ್ಲ, ಅದರದ್ದೇ ಟೆರಿಟರಿಗೂ ಸಭೆ ಇದೆ, 25 ಸದಸ್ಯರು. ಪೇಟೆ ಮಧ್ಯೆ ಸಾದಾ ಕಟ್ಟಡ. ಬೇರೆ ನಗರಸಭೆ ಇಲ್ಲಿಲ್ಲ, ಆಸ್ಪತ್ರೆಯಿಂದ ಕಸ ಎತ್ತುವವರೆಗೆ ಎಲ್ಲಾ ಇದೇ ಸಭೆಯ ಜವಾಬ್ದಾರಿ.

ಶನಿವಾರ, ಭಾನುವಾರ, ಸಿಡ್ನಿ

ಕ್ಯಾನ್‌ಬೆರಾದಿಂದ ರೈಲಿನಲ್ಲಿ ನಾಲ್ಕು ಗಂಟೆ ಚಿಲ್ಲರೆ. ಒಪೆರಾ ಹೌಸ್, ಹಾರ್ಬರ್ ಬ್ರಿಜ್, ಮ್ಯಾನ್ಲಿಗೆ ಹೋಗುವ ಫೆರಿ, ಇವುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ಫೆರಿಯಂತೂ ತಪ್ಪಿಸಬೇಡಿ.

ಸೋಮವಾರ, ಸಿಡ್ನಿ

ಮ್ಯಾಕ್ವಾರಿ ಸ್ಟ್ರೀಟಿನಲ್ಲಿರುವ ನ್ಯೂ ಸೌತ್ ವೇಲ್ಸ್‌ನ ಪಾರ್ಲಿಮೆಂಟ್ ವಾರದ ದಿನಗಳಲ್ಲಿ ಮಾತ್ರ ತೆರೆಯುತ್ತದೆ. ಇದಕ್ಕಾಗಿಯೇ ಒಂದು ದಿನ ಉಳಿದೆವು. ದೇಶದ ಅತಿ ಹಳೆಯ ಶಾಸನಸಭೆ ಇದು, ಆದರೆ ಕಟ್ಟಡ ಕಟ್ಟಿದ್ದು ಆಸ್ಪತ್ರೆಗೆ. 1811ರ ಸುಮಾರಿಗೆ ಗವರ್ನರ್ ಮ್ಯಾಕ್ವಾರಿ ಬಳಿ ಆಸ್ಪತ್ರೆ ಕಟ್ಟಲು ಹಣ ಇರಲಿಲ್ಲ. ಕಂಟ್ರಾಕ್ಟರುಗಳಿಗೆ ರಮ್ ಆಮದು ಮಾಡುವ ಹಕ್ಕು ಕೊಟ್ಟು ಕಟ್ಟಿಸಿದರು. ಅದಕ್ಕೇ ರಮ್ ಹಾಸ್ಪಿಟಲ್ ಅನ್ನುವ ಹೆಸರು. ಅದರ ಉತ್ತರದ ಭಾಗ ಆಮೇಲೆ ಶಾಸನಸಭೆ ಆಯಿತು, ದಕ್ಷಿಣದ್ದು ಟಂಕಸಾಲೆ. 1856ರಲ್ಲಿ ಮೇಲ್ಮನೆಗೆ ಜಾಗ ಸಾಲದೆ, ಬೆಂಡಿಗೋ ಚಿನ್ನದ ಸೀಮೆಯಲ್ಲಿ ಚರ್ಚ್ ಮಾಡಲು ಅಂತ ತರಿಸಿದ್ದ ಕಬ್ಬಿಣದ ರೆಡಿಮೇಡ್ ಕಟ್ಟಡವನ್ನೇ ತಂದು ಜೋಡಿಸಿದರು. ಇವತ್ತಿಗೂ ಮೇಲ್ಮನೆ ಕೂರುವುದು ಅದರಲ್ಲೇ. ಅದೇ ಸಾಲಿನಲ್ಲಿ 1819ರ ಹೈಡ್ ಪಾರ್ಕ್ ಬ್ಯಾರಕ್ಸ್ ಇದೆ, ಕೈದಿಗಳು ಮಲಗುತ್ತಿದ್ದ ಜಾಗ. ಅದರ ವಾಸ್ತುಶಿಲ್ಪಿ ಫ್ರಾನ್ಸಿಸ್ ಗ್ರೀನ್‌ವೇ ಸ್ವತಃ ಕೈದಿ, ಖೋಟಾ ದಾಖಲೆ ಮಾಡಿದ್ದಕ್ಕೆ ಗಡೀಪಾರು ಆದವರು. 1966ರಲ್ಲಿ ಬಂದ ಹತ್ತು ಡಾಲರ್ ನೋಟಿನ ಮೇಲೆ ಅದೇ ಗ್ರೀನ್‌ವೇ ಚಿತ್ರ ಹಾಕಿದರು!

ಸಂಜೆ ವಿಮಾನದಲ್ಲಿ ಬ್ರಿಸ್ಬೇನ್.

ಮಂಗಳವಾರ, ಬ್ರಿಸ್ಬೇನ್

ಕ್ವೀನ್ಸ್‌ಲ್ಯಾಂಡ್‌ನ ರಾಜಧಾನಿ. ಮತ್ತೆ ಬಿಸಿಲು, ಸ್ವೆಟರ್ ಚೀಲಕ್ಕೆ. ಇಲ್ಲಿ ಬಸ್ಸು, ರೈಲು, ನದಿಯ ಫೆರಿ ಎಲ್ಲದಕ್ಕೂ ಟಿಕೆಟ್ 50 ಸೆಂಟ್, 2024ರ ಆಗಸ್ಟ್‌ನಿಂದ. ಸಿಟಿಕ್ಯಾಟ್ ಫೆರಿ ಹತ್ತಿ ನದಿಯ ಉದ್ದಕ್ಕೂ ಹೋಗಿ ಬಂದೆವು. ಪೇಟೆಯಲ್ಲಿ ದಾರಿ ತಪ್ಪುವುದು ಕಷ್ಟ. ಒಂದು ದಿಕ್ಕಿನ ರಸ್ತೆಗಳಿಗೆಲ್ಲ ರಾಜಮನೆತನದ ಹೆಂಗಸರ ಹೆಸರು, ಆನ್, ಅಡಿಲೇಡ್, ಎಲಿಜಬೆತ್, ಶಾರ್ಲಟ್, ಮೇರಿ. ಅಡ್ಡ ರಸ್ತೆಗಳಿಗೆ ಗಂಡಸರದ್ದು, ಎಡ್ವರ್ಡ್, ಆಲ್ಬರ್ಟ್, ಜಾರ್ಜ್, ವಿಲಿಯಂ.

ನದಿ ದಂಡೆಯ ಪಾರ್ಕಿನಲ್ಲಿ ಅಕ್ಕ ಒಂದು ಮರದ ಹತ್ತಿರ ನಿಂತು "ಇದು ನಮ್ಮ ಸಿಲ್ವರ್ ಓಕ್ ಅಲ್ವೇನೇ" ಅಂದಳು. ಹೌದು. ಸಕಲೇಶಪುರ, ಕೊಡಗಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಅದೇ ಮರ. ಅದರ ತವರು ಈ ಸೀಮೆಯೇ, ಕ್ವೀನ್ಸ್‌ಲ್ಯಾಂಡ್‌ನ ಆಗ್ನೇಯ ಭಾಗ ಮತ್ತು ಪಕ್ಕದ ನ್ಯೂ ಸೌತ್ ವೇಲ್ಸ್. ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿದೆವು.

ಕೊನೆಗೆ ಶಾಸನಸಭೆ, 1868ರಲ್ಲಿ ತೆರೆದ ಕಟ್ಟಡ. ಇಲ್ಲಿ ಮೇಲ್ಮನೆಯ ಸಭಾಂಗಣ ಇದೆ, ಮೇಲ್ಮನೆ ಇಲ್ಲ. 1922ರಲ್ಲಿ ಸರ್ಕಾರ ತನ್ನ ಕಡೆಯವರನ್ನೇ ಸದಸ್ಯರನ್ನಾಗಿ ತುಂಬಿ, ಅವರ ಮತದಿಂದಲೇ ಆ ಮನೆಯನ್ನು ಮುಚ್ಚಿಸಿತು. ಆರು ರಾಜ್ಯಗಳಲ್ಲಿ ಒಂದೇ ಸದನ ಇರುವುದು ಇಲ್ಲಿ ಮಾತ್ರ. ನಮ್ಮ ಕರ್ನಾಟಕದಲ್ಲಿ ಇವತ್ತಿಗೂ 75 ಸದಸ್ಯರ ವಿಧಾನ ಪರಿಷತ್ತು ಇದೆ. ಅದು ಬೇಕಾ ಬೇಡವಾ ಅಂತ ಅಕ್ಕನಿಗೂ ನನಗೂ ಅಲ್ಲಿಂದ ಹೋಟೆಲಿನವರೆಗೆ ಜೋರು ಚರ್ಚೆ. ಅವಳು ಬೇಕು ಅನ್ನುತ್ತಾಳೆ. ಅವಸರದ ಕಾನೂನಿಗೆ ಒಂದು ತಡೆ ಇರಲೇಬೇಕು ಅನ್ನುವುದು ಅವಳ ವಾದ. ಇಷ್ಟೆಲ್ಲ ನೋಡಿದ ಮೇಲೆ ನಾನೂ ಅವಳ ಕಡೆ ವಾಲಿದ್ದೇನೆ.

ಪರ್ತ್, ಹೋಬಾರ್ಟ್ ಬಾಕಿ ಇವೆ. ಪರ್ತ್ ಮೇಲೆ ಅಕ್ಕನಿಗೆ ವಿಶೇಷ ಕಣ್ಣು. 1933ರಲ್ಲಿ ಆ ರಾಜ್ಯದ ಜನ ಮೂರರಲ್ಲಿ ಎರಡು ಪಾಲು ಒಕ್ಕೂಟ ಬಿಟ್ಟು ಹೋಗುತ್ತೇವೆ ಅಂತ ಮತ ಹಾಕಿದ್ದರು, ಲಂಡನ್ನಿನ ಸಂಸತ್ತು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಹೋಬಾರ್ಟ್‌ಗೆ ಹೋಗುವುದಾದರೆ ಶನಿವಾರ ಅಲ್ಲಿರುವ ಹಾಗೆ ನೋಡಿಕೊಳ್ಳಬೇಕು, ಸಲಮಾಂಕಾ ಸಂತೆ ಅವತ್ತೇ.